ತೆಗೆದ ಎಕ್ಸ್‌ರೇ ಬೇರೆ, ನೋಡಿದ ಎಕ್ಸ್‌ರೇ ಬೇರೆ

ಹಂಪಾಪುರ ಹೋಬಳಿಯಲ್ಲಿ ಡಯಾಲಿಸಿಸ್ ನಡೆಯುತ್ತಿರುವ ಮನೆಗಳವರಿಗೆ, ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಅಲೆಯುವ ಮಕ್ಕಳಿಗೆ, ಸೊಸೆಯಂದಿರಿಗೆ, ತಮ್ಮಂದಿರಿಗೆ, ನಮ್ಮ ಆಶಾ ಕಾರ್ಯಕರ್ತೆಯರಿಗೆ,



ಹೋದ ವಾರ ಬೆಳಿಗ್ಗೆ ನಮ್ಮೂರ ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಯಜಮಾನರು ಕೂತಿದ್ದರು. ಬಿಸಿಲು ಏರುತ್ತಿದ್ದರೂ ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿದ್ದರು. ಟವೆಲ್ ಜಾರಿದಾಗ ಬಲಗಿವಿಯ ಕೆಳಗೆ ಬಿಳಿ ಪ್ಲಾಸ್ಟರ್ ಕಂಡಿತು. ಅದರಿಂದ ಎರಡು ಗಿಡ್ಡ ಕೊಳವೆಗಳು ಇಳಿಬಿದ್ದಿದ್ದವು, ಒಂದಕ್ಕೆ ಕೆಂಪು ಕ್ಲಿಪ್ಪು, ಇನ್ನೊಂದಕ್ಕೆ ನೀಲಿ. ಮಾತಿಗೆ ಮಾತು ಬಂತು. ಜೊತೆಗಿದ್ದ ಮಗ ಹೇಳಿದ: “ಕೆಟ್ಟಿರೋದು ಕಿಡ್ನಿ ಕನಣ್ಣ. ಕುತ್ತಿಗೆಗೆ ಪೈಪ್ ಹಾಕುದ್ರು. ಹಾಕಿದ್ ಮೇಲೆ ಎದೆ ಫೋಟೋ ತೆಗೀಬೇಕು ಅಂದ್ರು. ಕಿಡ್ನಿ ಎಲ್ಲೈತೆ, ಎದೆ ಎಲ್ಲೈತೆ? ದುಡ್ಡು ಕೀಳಕ್ಕೇ ಅಲ್ವಾ? ನಾವು ಬ್ಯಾಡ ಅಂತ ಕೂತ್ಕೊಂಡೊ. ಕೊನೆಗೆ ಬೈದು ತೆಗುಸುದ್ರು.”

ಅಷ್ಟರಲ್ಲಿ ಬಸ್ಸು ಬಂತು. ಅಪ್ಪನನ್ನು ಹಿಡಿದುಕೊಂಡು ಆತ ಮುಂದಿನ ಬಾಗಿಲಿನಿಂದ ಹತ್ತಿದ, ನನಗೆ ಹಿಂದೆ ಜಾಗ ಸಿಕ್ಕಿತು. ಮೈಸೂರು ಮುಟ್ಟುವ ತನಕ ಅವನಿಗೆ ಕೊಡಬೇಕಾಗಿದ್ದ ಉತ್ತರ ನನ್ನ ಗಂಟಲಲ್ಲೇ ಉಳಿಯಿತು. ಇಂಥ ಪ್ರಶ್ನೆ ಅವನೊಬ್ಬನದೇ ಆಗಿರಲಾರದು ಎನಿಸಿ ಈ ಪತ್ರವನ್ನು ಎಲ್ಲರ ಹೆಸರಿಗೂ ಬರೆಯುತ್ತಿದ್ದೇನೆ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಎಕ್ಸ್‌ರೇ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತನಾದವನು. ಡಾಕ್ಟರಲ್ಲ, ಮದ್ದು ಹೇಳುವ ಅಧಿಕಾರ ನನಗಿಲ್ಲ. ಆದರೆ ಕುತ್ತಿಗೆ ಪೈಪು ಹಾಕಿದ ಮೇಲೆ ತೆಗೆಯುವ ಎದೆಯ ಫೋಟೋಗಳನ್ನು ಲೆಕ್ಕವಿಲ್ಲದಷ್ಟು ತೆಗೆದಿದ್ದೇನೆ. ಆ ಒಂದು ಫೋಟೋದ ವಿಚಾರವನ್ನಷ್ಟೇ ಬಿಡಿಸಿ ಹೇಳುತ್ತೇನೆ.

ಮೊದಲು ಆ ಪೈಪು ಎಲ್ಲಿಗೆ ಹೋಗುತ್ತದೆ ನೋಡಿ. ಹೊರಗೆ ಕಾಣುವುದು ಕುತ್ತಿಗೆಯಲ್ಲಿ, ಆದರೆ ಅದರ ತುದಿ ಕೂತಿರುವುದು ಎದೆಗೂಡಿನ ಒಳಗೆ, ಹೃದಯದ ಬಾಗಿಲಲ್ಲಿ. ಡಯಾಲಿಸಿಸ್ ಮೆಷಿನ್ನಿಗೆ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ರಕ್ತ ಬೇಕು, ಅದೂ ನಾಲ್ಕು ಗಂಟೆ ಎಡೆಬಿಡದೆ. ನಮ್ಮ ಕೈಯ ರಕ್ತನಾಳ ಗದ್ದೆಯ ಬದುವಿನ ಕಿರುಗಾಲುವೆ ಇದ್ದ ಹಾಗೆ. ಕಿರುಗಾಲುವೆಗೆ ಐದು ಎಚ್‌ಪಿ ಮೋಟಾರು ಇಟ್ಟರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅಷ್ಟು ನೀರು ಬೇಕೆಂದರೆ ಕಬಿನಿಯ ದೊಡ್ಡ ನಾಲೆಗೇ ಹೋಗಬೇಕು. ತಲೆ, ಕುತ್ತಿಗೆ, ಎರಡೂ ಕೈಗಳಿಂದ ವಾಪಸು ಬರುವ ರಕ್ತವೆಲ್ಲ ಸೇರಿ ಹೃದಯಕ್ಕೆ ಇಳಿಯುವ, ಹೆಬ್ಬೆರಳಷ್ಟು ದಪ್ಪದ ರಕ್ತನಾಳ ಒಂದು ಎದೆಯ ಬಲಭಾಗದಲ್ಲಿದೆ. ದೊಡ್ಡ ನಾಲೆ ಅಂದರೆ ಅದೇ. ಕೆಲವು ದಿನಕ್ಕೆಂದು ಹಾಕುವ ಪೈಪಿನ ತುದಿ ಅಲ್ಲಿ ಕೂರಬೇಕು. ತಿಂಗಳುಗಟ್ಟಲೆ ಇರಲೆಂದು ಚರ್ಮದ ಕೆಳಗೆ ದಾರಿ ಮಾಡಿ ಹಾಕುವ ಪರ್ಮ್‌ಕ್ಯಾತ್ ಆದರೆ ಇನ್ನೂ ಸ್ವಲ್ಪ ಕೆಳಗೆ, ಹೃದಯದ ಬಲ ಮೇಲ್ಕೋಣೆಯ ತನಕ.

ಡಯಾಲಿಸಿಸ್‌ನವರಿಗಷ್ಟೇ ಈ ಪೈಪು ಅಂತಲ್ಲ. ಬೆಳೆಗೆ ಹೊಡೆಯುವ ಔಷಧಿ ಕುಡಿದು ಐಸಿಯು ಸೇರಿದವರಿಗೆ, ಮೈಯೆಲ್ಲ ನಂಜೇರಿ ಬಿ.ಪಿ. ಕುಸಿದವರಿಗೆ, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಿಗೂ ಹಾಕುತ್ತಾರೆ. ಬಿ.ಪಿ. ಏರಿಸುವ ಕೆಲವು ಔಷಧಿ ಕೈಯ ಸಣ್ಣ ನಾಳದಿಂದ ಸೋರಿದರೆ ಸುತ್ತಲಿನ ಮಾಂಸವೇ ಸತ್ತು ಕಪ್ಪಾಗುತ್ತದೆ. ನಮ್ಮ ಕಡೆ ಹೊಲದಲ್ಲಿ ಕೊಳಕುಮಂಡಲ ಕಚ್ಚಿಸಿಕೊಂಡವರಿಗೂ ಕಿಡ್ನಿ ಕೆಲಸ ನಿಲ್ಲಿಸಿ ಕೆಲವು ದಿನ ಡಯಾಲಿಸಿಸ್ ಬೇಕಾಗುವುದುಂಟು. ಆ ಹಾವಿನ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಪೈಪನ್ನು ಕುತ್ತಿಗೆಯ ಬದಲು ಕಾಲರ್ ಬೋನಿನ ಕೆಳಗೂ ಹಾಕುವುದುಂಟು, ಆದರೆ ಅಲ್ಲಿ ರಕ್ತ ಸುರಿದರೆ ಬೆರಳಿಟ್ಟು ಒತ್ತಿ ನಿಲ್ಲಿಸಲು ಆಗದು. ಅದಕ್ಕೇ ಅಂಥವರಿಗೆ ಡಾಕ್ಟರು ಆ ಜಾಗವನ್ನು ಬಿಟ್ಟು, ಒತ್ತಿ ಹಿಡಿಯಬಹುದಾದ ಕಡೆ ಸೂಜಿ ಹಾಕುತ್ತಾರೆ. “ಅವರಿಗೆ ಅಲ್ಲಿ ಹಾಕಿದ್ರಲ್ಲ, ನಮಗ್ಯಾಕೆ ಇಲ್ಲಿ” ಎಂದು ಜಗಳವಾಡಬೇಡಿ.

ಈಗ ಫೋಟೋ ಯಾಕೆ ಎಂಬುದು. ಸೂಜಿಯೊಳಗಿಂದ ತೆಳ್ಳನೆಯ ತಂತಿ ಬಿಟ್ಟು, ಸೂಜಿ ಎಳೆದು, ತಂತಿಯ ಮೇಲೆ ಪೈಪು ಜಾರಿಸುವ ಉಪಾಯವನ್ನು ಸ್ವೀಡನ್ನಿನ ಸೆಲ್ಡಿಂಗರ್ ಎಂಬ ಎಕ್ಸ್‌ರೇ ಡಾಕ್ಟರು 1953ರಲ್ಲಿ ಪ್ರಕಟಿಸಿದರು. ಇವತ್ತಿಗೂ ಅದೇ ಕ್ರಮ. ಈಗ ಸ್ಕ್ಯಾನಿಂಗ್ ಮೆಷಿನ್ ಹಿಡಿದು, ಕುತ್ತಿಗೆಯ ನಾಳವನ್ನು ಪರದೆಯ ಮೇಲೆ ನೋಡಿಕೊಂಡೇ ಸೂಜಿ ಹಾಕುವುದು ಬಂದಿದೆ, ಅದರಿಂದ ಎಷ್ಟೋ ಅಪಾಯ ಕಡಿಮೆಯಾಗಿದೆ. ಆದರೂ ಕಾಲರ್ ಬೋನಿನಿಂದ ಕೆಳಗೆ ಪೈಪು ಕಣ್ಣಿಗೆ ಕಾಣದ ದಾರಿಯಲ್ಲಿ ಹೋಗುತ್ತದೆ. ಕಾಲರ್ ಬೋನಿನ ಕೆಳಗಿಂದ ಹಾಕಿದ್ದು ಎದೆಗೆ ಇಳಿಯುವ ಬದಲು ಮೇಲಕ್ಕೆ ತಿರುಗಿ ಕುತ್ತಿಗೆಗೆ ಹತ್ತಬಹುದು. ಹಾಗಾದಾಗ ಪೈಪಿಗೆ ಸಲೈನ್ ತಳ್ಳಿದರೆ ಕೆಲವರಿಗೆ ಆ ಕಡೆಯ ಕಿವಿಯಲ್ಲಿ ಗುಳುಗುಳು ಸದ್ದು ಕೇಳುತ್ತದೆ. ರೋಗಿ ಹಾಗೆಂದರೆ ಭ್ರಮೆ ಎಂದು ತಳ್ಳಿಹಾಕದೆ ತಕ್ಷಣ ನರ್ಸಮ್ಮನಿಗೆ ಹೇಳಿ. ಪೈಪು ಆಚೆ ಬದಿಯ ಕೈಗೆ ಅಡ್ಡ ಹೋಗಬಹುದು. ಬೇಕಾದ್ದಕ್ಕಿಂತ ಒಳಗೆ ಇಳಿದು ಹೃದಯದ ಬಡಿತ ತಪ್ಪಿಸಬಹುದು, ಗಟ್ಟಿ ಪೈಪಾದರೆ ಗೋಡೆಗೆ ಒತ್ತಿ ಒತ್ತಿ ತೂತೇ ಮಾಡಬಹುದು. ಎಡಗಡೆಯಿಂದ ಹಾಕಿದ್ದಕ್ಕೆ ತಿರುವು ಜಾಸ್ತಿ, ತುದಿ ನಾಳದ ಗೋಡೆಗೆ ನೇರವಾಗಿ ಮುಖ ಕೊಟ್ಟು ನಿಂತಿರುವ ಭಯವೂ ಜಾಸ್ತಿ.

ಇವೆಲ್ಲಕ್ಕಿಂತ ಬೇಗ ಕೆಡುಕು ಮಾಡುವುದು ಶ್ವಾಸಕೋಶಕ್ಕೆ ಸೂಜಿ ತಾಗುವುದು. ಶ್ವಾಸಕೋಶ ಪಕ್ಕೆಲುಬಿನ ಒಳಗಷ್ಟೇ ಇದೆ ಎಂದು ನಾವು ಅಂದುಕೊಂಡಿರುತ್ತೇವೆ. ಅದರ ತುದಿ ಕಾಲರ್ ಬೋನಿಗಿಂತ ಮೇಲಕ್ಕೆ ಬಂದಿರುತ್ತದೆ. ಸೂಜಿಯ ಮೊನೆ ತಾಗಿದರೆ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡು ಶ್ವಾಸಕೋಶ ಕುಗ್ಗುತ್ತದೆ.

ಎದೆಯ ಫೋಟೋದಲ್ಲಿ ಇವನ್ನೇ ನೋಡುತ್ತಾರೆ. ಪೈಪಿಗೆ ಎಕ್ಸ್‌ರೇಯಲ್ಲಿ ಕಾಣುವಂಥ ವಸ್ತು ಬೆರೆಸಿರುತ್ತಾರೆ, ಬೆಳ್ಳಗೆ ಗೆರೆ ಎಳೆದ ಹಾಗೆ ಕಾಣುತ್ತದೆ. ಗಾಳಿಕೊಳವೆ ಎರಡಾಗಿ ಕವಲೊಡೆಯುವ ಜಾಗ ಫೋಟೋದ ನಡುವೆ ಕಪ್ಪಗೆ, ತಲೆಕೆಳಗಾದ ಕವೆಗೋಲಿನ ಹಾಗೆ ಇರುತ್ತದೆ. ಆ ಕವಲು ಡಾಕ್ಟರಿಗೆ ಮೈಲಿಗಲ್ಲು. ಐಸಿಯುಗಳಲ್ಲಿ ಹಾಕುವ ಸಾಮಾನ್ಯ ಪೈಪಿನ ತುದಿ ಆ ಮಟ್ಟದ ಆಸುಪಾಸಿನಲ್ಲಿ, ನಾಳದ ಗೋಡೆಗೆ ಸಮನಾಗಿ ಇಳಿದಿದ್ದರೆ ಡಾಕ್ಟರ ಮುಖ ಸಡಿಲವಾಗುವುದನ್ನು ನಾನು ನೂರಾರು ಸಲ ಕಂಡಿದ್ದೇನೆ.

ಹೃದಯದ ತನಕ ಪೈಪು ಹಾಕುವ ಈ ವಿದ್ಯೆ ಹುಟ್ಟಿದ ದಿನವೇ ಎದೆಯ ಫೋಟೋ ಅದರ ಜೊತೆಗಿತ್ತು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ಡಾಕ್ಟರು ಮೂತ್ರಕ್ಕೆ ಹಾಕುವ ತೆಳ್ಳನೆ ಪೈಪನ್ನು ತನ್ನದೇ ಮೊಣಕೈಯ ನಾಳದಿಂದ 65 ಸೆಂಟಿಮೀಟರ್ ಒಳಕ್ಕೆ ತಳ್ಳಿಕೊಂಡರು. ಹಿರಿಯರು ಬೇಡ ಎಂದಿದ್ದರು. ಪೈಪು ಕೈಯಲ್ಲಿ ಇದ್ದ ಹಾಗೆಯೇ ನಡೆದುಕೊಂಡು ಎಕ್ಸ್‌ರೇ ಕೋಣೆಗೆ ಹೋಗಿ ಫೋಟೋ ತೆಗೆಸಿಕೊಂಡರು. ತುದಿ ಹೃದಯದ ಬಲಭಾಗಕ್ಕೆ ಮುಟ್ಟಿತ್ತು. ಆ ಫೋಟೋ ಇರದಿದ್ದರೆ ಅವರ ಮಾತನ್ನು ಯಾರೂ ನಂಬುತ್ತಿರಲಿಲ್ಲ. 1956ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು. ಹಾಕಿದವರೇ ಹೃದಯ ಮುಟ್ಟಿದೆ ಎಂದುಕೊಂಡು ಸುಮ್ಮನಾಗದೆ ಫೋಟೋ ನೋಡಿಯೇ ನಂಬಿದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ನಾನು ಈ ಪತ್ರ ಬರೆಯಲು ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಆಸ್ಪತ್ರೆಯ ಹೆಸರು ಬೇಡ, ಈ ತಪ್ಪು ಎಲ್ಲಿ ಬೇಕಾದರೂ ಆಗುವಂಥದ್ದು. ನನಗೆ ನೈಟ್ ಡ್ಯೂಟಿ. ನಮ್ಮ ಎಚ್.ಡಿ. ಕೋಟೆ ಕಡೆಯ ಒಬ್ಬ ಹೆಣ್ಣುಮಗಳು, ಕಿಡ್ನಿ ಕೆಟ್ಟು ಮೈಯೆಲ್ಲ ಊದಿತ್ತು. ಕಾಲರ್ ಬೋನಿನ ಕೆಳಗೆ ಪೈಪು ಹಾಕಿದ್ದರು, ಎರಡು ಮೂರು ಸಲ ಚುಚ್ಚಿದ್ದರಂತೆ. ಪೋರ್ಟಬಲ್ ಮೆಷಿನ್ನನ್ನು ತಳ್ಳಿಕೊಂಡು ವಾರ್ಡಿಗೆ ಹೋಗಿ, ಬೆನ್ನ ಹಿಂದೆ ಕ್ಯಾಸೆಟ್ ಇಟ್ಟು ಫೋಟೋ ತೆಗೆದೆ. “ಉಸಿರು ಎಳ್ಕೊಳ್ಳಿ ತಾಯಿ, ಹಿಡ್ಕೊಳ್ಳಿ” ಅಂದಾಗ ಹಿಡಿಯಲಾರದೆ ಕೆಮ್ಮಿದ್ದು ನೆನಪಿದೆ. ಡಾರ್ಕ್ ರೂಮಿನಲ್ಲಿ ಕೆಂಪು ದೀಪದ ಕೆಳಗೆ ಫಿಲ್ಮನ್ನು ಡೆವಲಪರಿನಿಂದ ಎತ್ತಿ, ನೀರಲ್ಲಿ ಅದ್ದಿ, ಫಿಕ್ಸರಿಗೆ ಹಾಕಿದೆ. ಎತ್ತಿ ನೋಡಿದರೆ ಪೈಪಿನ ಗೆರೆ ಸೊಗಸಾಗಿ ಬಂದಿತ್ತು. ನನ್ನ ಕೆಲಸ ಚೆನ್ನಾಗಿ ಆಯಿತು ಎಂದುಕೊಂಡು ಹ್ಯಾಂಗರ್ ಸಮೇತ ಒಣಗಲು ನೇತುಹಾಕಿದೆ. ಫಿಲ್ಮ್ ಒಯ್ಯಬೇಕಾದ ವಾರ್ಡ್ ಬಾಯ್ ರಕ್ತ ತರಲು ಬ್ಲಡ್ ಬ್ಯಾಂಕಿಗೆ ಹೋಗಿದ್ದ. ವಾರ್ಡಿನ ಕೇಸ್ ಶೀಟಿನಲ್ಲಿ ಎಕ್ಸ್‌ರೇ ಆಯಿತು ಎಂದು ಬರೆದಾಗಿತ್ತು. ಆಯಿತು ಎಂದು ಬರೆದಿದ್ದನ್ನು ಓದಿದವರು ಎಲ್ಲ ಸರಿ ಇದೆ ಎಂದುಕೊಂಡರು. ಡ್ಯೂಟಿ ಬದಲಾಯಿತು.

ಬೆಳಗಿನ ಜಾವ ಆಕೆಗೆ ಉಸಿರು ಸಿಗದಂತಾಯಿತು. ಡಾಕ್ಟರು ಓಡುತ್ತ ಡಾರ್ಕ್ ರೂಮಿಗೇ ಬಂದರು. ಒಣಗಿದ ಫಿಲ್ಮನ್ನು ಹ್ಯಾಂಗರಿನಿಂದ ಕಿತ್ತು ಕಾರಿಡಾರಿನ ಟ್ಯೂಬ್‌ಲೈಟಿಗೆ ಹಿಡಿದರು. ಬಲಗಡೆ ಮೇಲೆ, ಕೂದಲೆಳೆಯಷ್ಟು ತೆಳ್ಳಗೆ ಒಂದು ಗೆರೆ. ಗೆರೆಯಿಂದ ಒಳಗೆ ಶ್ವಾಸಕೋಶದ ಕವಲು ಕವಲು ನೆರಳು, ಹೊರಗೆ ಬರೀ ಕಪ್ಪು. ಗಾಳಿ. ನಾಲ್ಕು ಗಂಟೆಯಿಂದ ಅದು ನನ್ನ ಕೋಣೆಯಲ್ಲಿ, ನನ್ನ ತಲೆಯ ಮೇಲೆ ನೇತಾಡುತ್ತಿತ್ತು. ಆ ಹೊತ್ತಿಗೆ ಗಾಳಿ ಇನ್ನೂ ಎಷ್ಟೋ ಹೆಚ್ಚಾಗಿತ್ತು. ಪಕ್ಕೆಯಲ್ಲಿ ತೂತು ಮಾಡಿ ಟ್ಯೂಬು ಹಾಕಿ, ಅದರ ತುದಿಯನ್ನು ಮಂಚದ ಕೆಳಗೆ ನೀರಿನ ಬಾಟಲಿಯಲ್ಲಿ ಮುಳುಗಿಸಿದರು. ಬುಳುಬುಳು ಎಂದು ಗುಳ್ಳೆ ಏಳುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಕೆ ಬದುಕಿದರು. ಆದರೆ ಬೇಗ ಮನೆಗೆ ಹೋಗಬೇಕಾದವರು ಅನೇಕ ದಿನ ಹೆಚ್ಚಿಗೆ ಮಂಚ ಹಿಡಿದರು. ಅವರ ಗಂಡ ವಾರ್ಡಿನ ಹೊರಗೆ ಟವೆಲ್ ಹಾಸಿ ಮಲಗುತ್ತಿದ್ದುದನ್ನು ಪ್ರತಿ ರಾತ್ರಿ ದಾಟಿಕೊಂಡು ನಾನು ಕೆಲಸಕ್ಕೆ ಹೋಗಬೇಕಾಗಿತ್ತು.

ಅಂದಿನಿಂದ ಕುತ್ತಿಗೆ ಪೈಪಿನ ಫಿಲ್ಮನ್ನು ಒಣಗಲು ಬಿಟ್ಟವನಲ್ಲ. ಒದ್ದೆ ಫಿಲ್ಮನ್ನು ಹ್ಯಾಂಗರ್ ಸಮೇತ ಹಿಡಿದು, ಕಾರಿಡಾರಿನ ಉದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ನಾನೇ ಹೋಗಿ ಡ್ಯೂಟಿ ಡಾಕ್ಟರ ಮುಖದ ಮುಂದೆ ಹಿಡಿಯುತ್ತಿದ್ದೆ. ನೆಲ ಒರೆಸುವ ಆಯಮ್ಮ ಬೈಯುತ್ತಿದ್ದರು.

ಈಗ ಡಾರ್ಕ್ ರೂಮು ಹೋಗಿದೆ. ಗುಂಡಿ ಒತ್ತಿದ ಕ್ಷಣಕ್ಕೆ ಫೋಟೋ ಕಂಪ್ಯೂಟರಿನಲ್ಲಿ. ಆದರೆ ತೆರೆದು ನೋಡದ ಫೋಟೋ ಕಂಪ್ಯೂಟರಿನಲ್ಲಿ ಇದ್ದರೂ ಅಷ್ಟೇ, ಹ್ಯಾಂಗರಿನಲ್ಲಿ ನೇತಾಡಿದರೂ ಅಷ್ಟೇ. ಎಕ್ಸ್‌ರೇ ಆಯಿತು ಎಂಬ ಮಾತಿಗೂ ಎಕ್ಸ್‌ರೇ ನೋಡಾಯಿತು ಎಂಬ ಮಾತಿಗೂ ನಡುವೆ ಒಂದು ಜೀವ ಹೋಗುವಷ್ಟು ಜಾಗವಿದೆ. ಕೆಲಸದ ಒತ್ತಡ ಇರುವ ಯಾವ ಆಸ್ಪತ್ರೆಯಲ್ಲೂ ಆ ಜಾಗ ತೆರೆದುಕೊಳ್ಳಬಹುದು. ಅಲ್ಲಿ ನೀವು ನಿಲ್ಲಬೇಕು.

ಪೈಪು ಹಾಕಿ ಫೋಟೋ ತೆಗೆದಾದ ಮೇಲೆ, ಮೆಷಿನ್ನಿಗೆ ಜೋಡಿಸುವ ಮೊದಲು, ಅಥವಾ ಔಷಧಿ ಬಿಡುವ ಮೊದಲು, ಒಂದೇ ಮಾತು ಕೇಳಿ: “ಫೋಟೋ ನೋಡಿದ್ರಾ ಸಾರ್? ಪೈಪ್ ಸರಿಯಾದ ಜಾಗದಲ್ಲಿ ಕೂತಿದೆಯಾ? ಗಾಳಿ ಏನೂ ಇಲ್ವಾ?” ಲೇಡಿ ಡಾಕ್ಟರಾದರೆ ಮೇಡಂ ಅನ್ನಿ, ಅಷ್ಟೇ ವ್ಯತ್ಯಾಸ. ಜಗಳದ ದನಿ ಬೇಡ, ಅಳುಕೂ ಬೇಡ. ಒಳ್ಳೆಯ ಡಾಕ್ಟರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಎಷ್ಟೋ ಮಂದಿ ಕಂಪ್ಯೂಟರ್ ತಿರುಗಿಸಿ ತೋರಿಸಿಯೇ ಬಿಡುತ್ತಾರೆ. ಜೀವಕ್ಕೇ ಅಪಾಯ ಇರುವಾಗ ಫೋಟೋಗೆ ಕಾಯದೆ ಔಷಧಿ ಶುರು ಮಾಡಬೇಕಾಗಿ ಬರುವುದೂ ಉಂಟು. ಆಗ ಅವರ ಕೈ ಹಿಡಿಯಬೇಡಿ. ಪೈಪು ತೊಡೆಸಂದಿನಲ್ಲಿ ಹಾಕಿದ್ದರೆ ಅದಕ್ಕೆಂದು ಎದೆಯ ಫೋಟೋ ಬೇಕಿಲ್ಲ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಮೆಷಿನ್ನಿನಲ್ಲೇ ಪೈಪಿನ ತುದಿಯನ್ನೂ ಶ್ವಾಸಕೋಶವನ್ನೂ ನೋಡಿ, ಫೋಟೋ ಬೇಡ ಎನ್ನುವ ಪದ್ಧತಿಯೂ ಬರುತ್ತಿದೆ. ಅದೂ ನೋಡಿದ ಹಾಗೆಯೇ. ಹೇಗೆ ನೋಡಿದರು ಎಂದು ಕೇಳಿ ತಿಳಿದುಕೊಂಡರೆ ಸಾಕು.

ಫೋಟೋ ನೋಡಿದರೂ ಮುಗಿಯಿತು ಎಂದಲ್ಲ. ಮಲಗಿಸಿ ತೆಗೆದ ಫೋಟೋದಲ್ಲಿ ಗಾಳಿ ಎದೆಯ ಮುಂಭಾಗಕ್ಕೆ ಏರಿ ಹರಡಿಕೊಂಡು ಕಣ್ಣು ತಪ್ಪಿಸಬಹುದು. ಸಣ್ಣ ಸೋರಿಕೆ ಕೆಲವು ಗಂಟೆ ಕಳೆದ ಮೇಲೆ ದೊಡ್ಡದಾಗಬಹುದು. ರಾತ್ರಿ ಊರಿಗೆ ಬಂದ ಮೇಲೆ ಉಸಿರಾಟ ಕಷ್ಟವಾದರೆ, ಉಸಿರು ಎಳೆದಾಗ ಒಂದು ಪಕ್ಕೆ ಚುಚ್ಚಿದರೆ, “ಬೆಳಗಾಗಲಿ, ಮೊದಲ ಬಸ್ಸಿಗೆ ಹೋಗೋಣ” ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಫೋನಿನಲ್ಲಿ ಮೊದಲ ಮಾತೇ “ಕುತ್ತಿಗೆಗೆ ಪೈಪ್ ಹಾಕಿದ್ದಾರೆ” ಎಂದಿರಲಿ.

ನಮ್ಮ ಕಡೆ ಎದೆ ಫೋಟೋ ಅಂದ ಕೂಡಲೇ ದನಿ ತಗ್ಗಿಸುತ್ತಾರೆ. ಅದಕ್ಕೂ ಕಾರಣವಿದೆ. ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಎದೆ ಫೋಟೋ ಅಂದರೆ ಟಿ.ಬಿ., ಟಿ.ಬಿ. ಅಂದರೆ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ, ಊರಿನವರು ದೂರ ನಿಲ್ಲುವುದು. ಈ ಫೋಟೋಗೂ ಅದಕ್ಕೂ ಸಂಬಂಧವಿಲ್ಲ. ಯಾರಾದರೂ ಕೇಳಿದರೆ ಪೈಪ್ ನೋಡಲು ತೆಗೆದದ್ದು ಎಂದು ಗಟ್ಟಿಯಾಗಿ ಹೇಳಿ. ಕಿರಣದ ಭಯವೂ ಬೇಡ. ಒಂದು ಎದೆ ಫೋಟೋಗೆ ತಗಲುವ ವಿಕಿರಣ, ಸುಮ್ಮನೆ ಮನೆಯಲ್ಲಿ ಕೂತರೂ ಮಣ್ಣಿನಿಂದ, ಆಕಾಶದಿಂದ ಕೆಲವೇ ದಿನಗಳಲ್ಲಿ ನಮ್ಮ ಮೈಗೆ ಬರುವಷ್ಟು. ಬಸುರಿಯರಾದರೆ ಮಾತ್ರ ಮೊದಲೇ ಹೇಳಿಬಿಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಕರಿಮಣಿ ಸರವೂ ತಾಳಿಯೂ ಫೋಟೋದಲ್ಲಿ ಸರಿಯಾಗಿ ಪೈಪು ಕಾಣಬೇಕಾದ ಜಾಗದ ಮೇಲೇ ಬಿಳಿ ಬಿಳಿಯಾಗಿ ಬಂದು ಕೂರುತ್ತವೆ. ತಾಯಿತದ ತಗಡು ಒಮ್ಮೆ ಪೈಪಿನ ತುದಿಯನ್ನೇ ಮುಚ್ಚಿದ್ದರಿಂದ ಇನ್ನೊಂದು ಫೋಟೋ ತೆಗೆಯಬೇಕಾಯಿತು. ತಾಳಿ ತೆಗೆಯಲು ಮನಸ್ಸು ಒಪ್ಪುವುದಿಲ್ಲ ಎಂದು ನನಗೆ ಗೊತ್ತು, ನನ್ನ ತಾಯಿಯೂ ಒಪ್ಪುತ್ತಿರಲಿಲ್ಲ. ಬಿಚ್ಚಿ ಬಲಗೈಯ ಮಣಿಕಟ್ಟಿಗೆ ಸುತ್ತಿಕೊಳ್ಳಿ. ಮೈಮೇಲೇ ಇದ್ದಂತಾಯಿತು, ಫೋಟೋ ಮುಗಿದ ಕೂಡಲೇ ಮತ್ತೆ ಕೊರಳಿಗೆ ಹಾಕಿಕೊಳ್ಳಬಹುದು.

ಆ ಫೋಟೋವನ್ನು ಕೇಳಿ ಪಡೆಯಿರಿ. ಫಿಲ್ಮ್ ಕೊಡದಿದ್ದರೆ ಪರದೆಯ ಮೇಲಿನದನ್ನಾದರೂ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಪೈಪು ಹಾಕಿದ ತಾರೀಖು ಬರೆದಿಡಿ. ಇಂದು ಮೈಸೂರಿನಲ್ಲಿ ಪೈಪು ಹಾಕಿಸಿಕೊಂಡವರು ನಾಳೆ ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಹೋಗುತ್ತಾರೆ. ಅಲ್ಲಿಯವರಿಗೆ ಈ ಪೈಪು ಮೊದಲು ಹೇಗಿತ್ತು ಎಂದು ತಿಳಿಯಲು ಬೇರೆ ದಾರಿ ಇಲ್ಲ. ಮನೆಯಲ್ಲಿ ಬನಿಯನ್ ತಲೆಯ ಮೇಲಿಂದ ಎಳೆಯುವಾಗ ಹೊಲಿಗೆ ಬಿಟ್ಟು ಪೈಪು ಬೆರಳಗಲ ಹೊರಗೆ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಗುಂಡಿ ಇರುವ ಅಂಗಿ ಹಾಕಿ. ಹೊರಗೆ ಬಂದದ್ದನ್ನು ಯಾವ ಕಾರಣಕ್ಕೂ ಒಳಗೆ ತಳ್ಳಬೇಡಿ, ಪ್ಲಾಸ್ಟರ್ ಹಾಕಿ ಭದ್ರಮಾಡಿ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ, ಕುತ್ತಿಗೆ ಪೈಪು ಇರುವುದು ಸ್ವಲ್ಪ ಕಾಲಕ್ಕೆ. ಬಹುಕಾಲ ಡಯಾಲಿಸಿಸ್ ಬೇಕು ಎಂದು ಡಾಕ್ಟರು ಹೇಳಿದ್ದರೆ ಡಯಾಲಿಸಿಸ್ ಸೂಜಿಗೆಂದು ಕೈಯ ರಕ್ತನಾಳಗಳನ್ನು ಜೋಡಿಸುವ ಫಿಸ್ಟುಲಾ ಆಪರೇಷನ್ ಮಾಡಿಸುವುದನ್ನು ಮುಂದೂಡಬೇಡಿ. ಅದು ಬಲಿತು ಸೂಜಿಗೆ ತಯಾರಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಪದೇ ಪದೇ ಪೈಪು ಹಾಕಿದರೆ, ಅದರಲ್ಲೂ ಕಾಲರ್ ಬೋನಿನ ಕೆಳಗೆ ಹಾಕಿದರೆ, ಒಳಗಿನ ದೊಡ್ಡ ನಾಳವೇ ಕಿರಿದಾಗಿ ಮುಂದೆ ಆ ಕೈಗೆ ಫಿಸ್ಟುಲಾ ಮಾಡಿದರೂ ಕೈ ಊದಿಕೊಳ್ಳುತ್ತದೆ. ಫಿಸ್ಟುಲಾ ಆಗಬೇಕಾದ ಕೈಯಲ್ಲಿ ರಕ್ತ ತೆಗೆಯಲೂ ಬಿಡಬೇಡಿ.

ಬಸ್ ನಿಲ್ದಾಣದಲ್ಲಿ ಸಿಕ್ಕ ತಮ್ಮಾ, ಈ ಪತ್ರ ನಿನ್ನ ಕೈಗೆ ಸಿಕ್ಕರೆ ನಿಮ್ಮ ತಂದೆಯವರ ಫೋಟೋ ತೆಗೆದುಕೊಂಡು ಮನೆಗೆ ಬಾ, ಕಿಟಕಿಯ ಬೆಳಕಿಗೆ ಹಿಡಿದು ಪೈಪಿನ ಗೆರೆ ಎಲ್ಲಿಂದ ಎಲ್ಲಿಗೆ ಇಳಿದಿದೆ ಎಂದು ತೋರಿಸುತ್ತೇನೆ. ಆದರೆ ಸರಿ ಇದೆ, ಇಲ್ಲ ಎಂದು ಹೇಳಬೇಕಾದವರು ನಾನಲ್ಲ. ಮುಂದಿನ ಸಲ ಪೈಪು ಬದಲಾಯಿಸಿದಾಗ, ಮೆಷಿನ್ ಶುರುವಾಗುವ ಮೊದಲೇ, ಅಲ್ಲಿರುವ ಡಾಕ್ಟರನ್ನು ಕೇಳು.

ಇಂತಿ,
ಹಂಪಾಪುರದ ಒಬ್ಬ ನಿವೃತ್ತ ಎಕ್ಸ್‌ರೇ ಟೆಕ್ನಿಷಿಯನ್